ಮಡಿಕೇರಿ ಥಂಡಿಯಲ್ಲಿ ಮೊದಲ ಟರಾಂಟುಲಾ ಸಾಕೋದು ಹೇಗೆ

ಕೊಡಗಲ್ಲಿ ಇದ್ಕೊಂಡು ಟರಾಂಟುಲಾ, ಅಂದ್ರೆ ಮೈತುಂಬ ಕೂದಲಿರೋ ದೊಡ್ಡ ಜೇಡ, ಸಾಕ್ಬೇಕು ಅಂತ ಆಸೆ ಇರೋರು ಮೊದಲು ಒಂದು ಕೆಲಸ ಮಾಡಿ. ಜೇಡ ತರೋಕೆ ಒಂದು ತಿಂಗಳು ಮುಂಚೆನೇ ಡಬ್ಬಿ ರೆಡಿ ಮಾಡಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ನೀರಿನ ಬಟ್ಟಲು ಇಟ್ಟು, ಆ ಖಾಲಿ ಡಬ್ಬೀನೇ ಮನೆಯ ಒಂದು ಮೂಲೇಲಿ ಇಟ್ಟು ದಿನಾ ನೋಡ್ತಾ ಇರಿ. ಗೋಡೆಗೆ ಹನಿ ಕಟ್ಟುತ್ತಾ, ಬೂಷ್ಟು ಬರುತ್ತಾ, ಇರುವೆ ಹತ್ತುತ್ತಾ, ರಾತ್ರಿ ಎಷ್ಟು ಥಂಡಿ ಆಗುತ್ತೆ, ಇದೆಲ್ಲಾ ಜೇಡ ಇಲ್ಲದಾಗಲೇ ಗೊತ್ತಾಗ್ಬೇಕು.

ಯಾಕೆ ಇದನ್ನೇ ಮೊದಲು ಹೇಳ್ತಿದೀನಿ ಅಂದ್ರೆ ನಾನು ಹಾಗೆ ಮಾಡಿರ್ಲಿಲ್ಲ. ಮೇ ತಿಂಗಳಲ್ಲಿ ಎರಡು ಮರಿ ತಂದೆ, ಎರಡೂ ಕಿರುಬೆರಳಿನ ಉಗುರಿನಷ್ಟು, ಯಾವುದೋ ವಿಡಿಯೋಲಿ ದಿನಾ ನೀರು ಸ್ಪ್ರೇ ಮಾಡಿ ಅಂದಿದ್ರು, ನಾನೂ ಮಾಡ್ದೆ, ಅವರಿರೋದು ಹೀಟರ್ ಹಾಕ್ಕೊಂಡು ಗಾಳಿಯೆಲ್ಲಾ ಒಣಗಿರೋ ದೇಶದಲ್ಲಿ, ನಾವಿರೋದು ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಒಣಗದ ಊರಲ್ಲಿ, ಇದು ನನಗೆ ಹೊಳೀಲೇ ಇಲ್ಲ. ಜುಲೈ ಹೊತ್ತಿಗೆ ಡಬ್ಬಿ ಒಳಗೆ ಬಿಳಿ ಬೂಷ್ಟು, ಕಣ್ಣಿಗೆ ಕಾಣೋದೇ ಕಷ್ಟ ಅನ್ನೋವಷ್ಟು ಸಣ್ಣ ನುಸಿ, ಮುಚ್ಚಳದ ಒಳಗಡೆ ಹನಿ. ಒಂದು ಮರಿ ಸತ್ತೋಯ್ತು. ಇನ್ನೊಂದನ್ನ ಅವತ್ತು ರಾತ್ರಿಯೇ ಒಣ ಡಬ್ಬಿಗೆ ಹಾಕ್ದೆ, ಅದು ಬದುಕ್ತು, ಈಗ ಕಾಲು ಚಾಚಿ ಕೂತ್ರೆ ನನ್ನ ಅಂಗೈ ಅಗಲ ಇದೆ. ಸತ್ತಿದ್ದು ನೆನಪಾದ್ರೆ ಇವತ್ತಿಗೂ ಬೇಜಾರಾಗುತ್ತೆ, ಇಷ್ಟು ಉದ್ದ ಬರೀತಿರೋದೂ ಅದಕ್ಕೇ.

ಇನ್ನೊಂದು ಮಾತು. ನಮ್ಮ ತೋಟದಲ್ಲೇ ದೊಡ್ಡ ಜೇಡ ಇದೆಯಲ್ಲಾ, ಅದನ್ನೇ ಹಿಡಿದು ಸಾಕಿದ್ರೆ ಆಗಲ್ವಾ ಅಂತ ಕೇಳ್ತಾರೆ. ದಯವಿಟ್ಟು ಬೇಡ. ಪಶ್ಚಿಮ ಘಟ್ಟದಲ್ಲಿ ನಮ್ಮದೇ ಟರಾಂಟುಲಾಗಳು ಇರೋದು ನಿಜ, ಮರದ ಪೊಟರೆಯಲ್ಲಿ ಪೋಸಿಲೋಥೀರಿಯಾ ಕುಲದವು, ಮಣ್ಣಿನ ಬರೆಯಲ್ಲಿ ಬಿಲ ತೋಡಿ ಬಲೆ ಹೊದಿಸಿ ಕೂರೋ ತ್ರಿಗ್ಮೋಪಿಯಸ್. ಪೋಸಿಲೋಥೀರಿಯಾ ಸ್ಟ್ರಯಾಟಾಗಂತೂ ಹೊರದೇಶದ ಸಾಕೋರು ಮೈಸೂರು ಆರ್ನಮೆಂಟಲ್ ಅಂತ ನಮ್ಮ ಕಡೆ ಹೆಸರೇ ಇಟ್ಕೊಂಡಿದಾರೆ. ಈ ಪೋಸಿಲೋಥೀರಿಯಾ ಕುಲ ಇಡೀ ಪ್ರಪಂಚದಲ್ಲಿ ಇರೋದು ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ, ಹಳೇ ಮರ ಹೋದ್ರೆ ಅವೂ ಹೋಗ್ತವೆ, 2019ರಲ್ಲಿ ಇಡೀ ಕುಲವನ್ನೇ ಸೈಟಿಸ್, ಅಂದ್ರೆ ಕಾಡುಜೀವಿಗಳನ್ನ ದೇಶದಿಂದ ದೇಶಕ್ಕೆ ಮಾರೋದಕ್ಕೆ ಕಡಿವಾಣ ಹಾಕೋ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದ್ರು. ಮೇಲಾಗಿ ಹೊಸಬರಿಗೆ ಆಗೋ ಜೇಡಾನೂ ಅಲ್ಲ, ಮಿಂಚಿನ ಹಾಗೆ ಓಡುತ್ತೆ, ಕಚ್ಚಿದ್ರೆ ಸ್ನಾಯು ಹಿಡ್ಕೊಂಡು ದಿನಗಟ್ಟಲೆ ನೋವು. ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ಮಾಡುವಾಗ ಇಂಥದ್ದು ಸಿಕ್ಕಿದ್ರೆ ಕೆಲಸದವರು ಕತ್ತಿ ಎತ್ತೋ ಮುಂಚೆ ಒಂದು ಉದ್ದ ಕೋಲಲ್ಲಿ ಪಕ್ಕದ ಮರಕ್ಕೆ ಹತ್ತಿಸಿ ಬಿಡಿ. ತೋಟದ ಹುಳು ತಿಂದು ತೋಟಕ್ಕೇ ಉಪಕಾರ ಮಾಡೋ ಜೀವ ಅದು.

ಹಾಗಾದ್ರೆ ಯಾವುದು ತರೋದು? ನನ್ನ ಪ್ರಕಾರ ನಮ್ಮ ಹವೆಗೆ ಕರ್ಲಿ ಹೇರ್, ಅಂದ್ರೆ ಟ್ಲಿಲ್ಟೊಕ್ಯಾಟ್ಲ್ ಅಲ್ಬೊಪಿಲೋಸಸ್. ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಕಡೆಯ ಜೇಡ, ಸ್ವಲ್ಪ ತೇವ ಅದಕ್ಕೆ ಅಭ್ಯಾಸ ಇದೆ, ಸ್ವಭಾವ ತಣ್ಣಗೆ, ಊಟ ಚೆನ್ನಾಗಿ ಮಾಡುತ್ತೆ. ಅರ್ಜೆಂಟೀನಾ-ಪರಾಗ್ವೇ ಕಡೆಯ ಚಾಕೋ ಗೋಲ್ಡನ್ ನೀ ಕೂಡ ಒಳ್ಳೇದೇ, ಆದ್ರೆ ಅದಕ್ಕೆ ಒಣಗಿದ ನೆಲ ಬೇಕು, ಮಳೆಗಾಲದಲ್ಲಿ ನಿಮಗೆ ಕೆಲಸ ಜಾಸ್ತಿ. ಅರಿಜೋನಾ ಬ್ಲಾಂಡ್ ಮರುಭೂಮಿಯದ್ದು, ಕೊಡಗಿಗೆ ಮೊದಲನೇದಾಗಿ ಬೇಡವೇ ಬೇಡ. ಮೆಕ್ಸಿಕನ್ ರೆಡ್ ನೀ ಎಲ್ಲರಿಗೂ ಇಷ್ಟ, ಚಂದಾನೂ ಹೌದು, ಆದ್ರೆ ಕೆರಳಿದ್ರೆ ಹೊಟ್ಟೆ ಮೇಲಿನ ತುರಿಕೆ ಕೂದಲು ಹಾರಿಸೋದು ಜಾಸ್ತಿ.

ಕಾಗದ-ಪತ್ರದ ವಿಷಯ ಹಗುರ ಮಾಡ್ಬೇಡಿ. ರೆಡ್ ನೀ ಸೇರಿರೋ ಬ್ರಾಕಿಪೆಲ್ಮಾ ಕುಲ ಪೂರ್ತಿ ಸೈಟಿಸ್ ಎರಡನೇ ಅನುಬಂಧದಲ್ಲಿದೆ, ಕರ್ಲಿ ಹೇರ್ ಕೂಡ ಮೊದಲು ಅದೇ ಕುಲದಲ್ಲಿತ್ತು, ಹಾಗಾಗಿ ಅದಕ್ಕೂ ಕಾಗದ ಕೇಳಿ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯ್ತಲ್ಲ, ಅದರಲ್ಲಿ ಸೈಟಿಸ್ ಪ್ರಾಣಿಗಳಿಗೆ ನಾಲ್ಕನೇ ಶೆಡ್ಯೂಲ್ ಮಾಡಿದ್ರು, 2024ರಲ್ಲಿ ನೋಂದಣಿ ನಿಯಮ ಬಂತು, ಅಂಥ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕ್ಬೇಕು. ಮಾರೋರ ಹತ್ರ ಇದು ಸಾಕಿದ ಜೇಡಕ್ಕೇ ಹುಟ್ಟಿದ ಮರಿಯಾ, ತಾಯಿಯ ನೋಂದಣಿ ಇದೆಯಾ, ಬಿಲ್ ಕೊಡ್ತೀರಾ ಅಂತ ನೇರ ಕೇಳಿ. ಉತ್ತರ ತೇಲಿಸಿದ್ರೆ ಅಲ್ಲಿಂದ ಎದ್ದು ಬನ್ನಿ, ಎಷ್ಟೇ ಕಮ್ಮಿ ರೇಟ್ ಆದ್ರೂ.

ಗಂಡಾ ಹೆಣ್ಣಾ ಅನ್ನೋದೂ ಮುಖ್ಯ. ಹೆಣ್ಣು 20 ವರ್ಷಕ್ಕೂ ಮೇಲೆ ಬದುಕುತ್ತೆ, ಗಂಡು ಕೆಲವೇ ವರ್ಷ. ಚಿಕ್ಕ ಮರಿಯಲ್ಲಿ ಇದು ಗೊತ್ತಾಗಲ್ಲ, ಸ್ವಲ್ಪ ಬೆಳೆದ್ಮೇಲೆ ಬಿಟ್ಟ ಪೊರೆಯ ಹೊಟ್ಟೆ ಭಾಗವನ್ನ ಬಿಡಿಸಿ ನೋಡಿದ್ರೆ ಗೊತ್ತಾಗುತ್ತೆ. ನನಗೆ ಒಬ್ಬರು ಹೆಣ್ಣು ಅಂತ ಖಾತ್ರಿ ಹೇಳಿ ಕೊಟ್ಟಿದ್ದು ಕೊನೆಗೆ ಗಂಡಾಯ್ತು, ದುಡ್ಡಿಗಿಂತ ಅದು ಬೇಗ ಹೋಗ್ಬಿಡ್ತಲ್ಲಾ ಅಂತ ಸಂಕಟ ಆಯ್ತು. ಹೆಣ್ಣು ತಂದ್ರೆ ಮಗು ಕಾಲೇಜ್ ಮುಗಿಸೋ ತನಕ ಇರೋ ಪ್ರಾಣಿ ತಂದ ಹಾಗೆ, ನಾಳೆ ಓದೋಕೋ ಕೆಲಸಕ್ಕೋ ಬೆಂಗಳೂರಿಗೆ ಹೋದ್ರೆ ಯಾರು ನೋಡ್ಕೋತಾರೆ ಅಂತ ಮನೇಲಿ ಕೂತು ಮಾತಾಡಿ. ನಮ್ಮ ಅವ್ವ ಮೊದಲು ಒಪ್ಪಲೇ ಇಲ್ಲ, ಡಬ್ಬಿಗೆ ಕ್ಲಿಪ್ ಮುಚ್ಚಳ ಇದೆ, ನನ್ನ ರೂಮಿಂದ ಹೊರಗೆ ಬರಲ್ಲ ಅಂತ ತೋರಿಸಿದ್ಮೇಲೆ ಸರಿ ಅಂದ್ರು, ಈಗ ನಾನಿಲ್ಲದಾಗ ನೀರು ಹಾಕೋದು ಅವರೇ.

ತರೋಕೆ ಒಳ್ಳೇ ಸಮಯ ಕಾವೇರಿ ಸಂಕ್ರಮಣ (ಅಕ್ಟೋಬರ್ ನಡುವೆ) ಕಳೆದ್ಮೇಲೆ, ಇಲ್ಲಾ ಫೆಬ್ರವರಿ-ಮಾರ್ಚ್. ಮಳೆಗಾಲದಲ್ಲಿ ಎಲ್ಲಿ ಬರೆ ಕುಸಿಯುತ್ತೋ ಎಲ್ಲಿ ರಸ್ತೆ ಬಂದ್ ಆಗುತ್ತೋ ಗೊತ್ತಿಲ್ಲ, ಜೀವ ಇರೋ ಪಾರ್ಸೆಲ್ ನಡುದಾರೀಲಿ ನಿಲ್ಲೋದು ಬೇಡ. ಆದಷ್ಟು ನೀವೇ ಹೋಗಿ ತನ್ನಿ. ಮೈಸೂರಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಸಣ್ಣ ಡಬ್ಬೀಲಿ ಟಿಶ್ಯೂ ಸುತ್ತಿ, ಅಲ್ಲಾಡದ ಹಾಗೆ ಬ್ಯಾಗಲ್ಲಿಟ್ಟು ಮಡಿಲಲ್ಲಿ ಇಟ್ಕೊಂಡು ಬನ್ನಿ, ಡಿಕ್ಕಿಯಲ್ಲಿ ಬೇಡ, ಬಿಸಿಲು ಬೀಳೋ ಕಿಟಕಿ ಹತ್ರಾನೂ ಬೇಡ.

ಈಗ ಗೂಡು. ಅಂಗಡೀಲಿ ಸಿಗೋ ದುಬಾರಿ ಗಾಜಿನ ಪೆಟ್ಟಿಗೆ ಬೇಕಾಗಿಲ್ಲ, ಪಾತ್ರೆ ಅಂಗಡಿಯ ಟ್ರಾನ್ಸ್‌ಪರೆಂಟ್ ಪ್ಲಾಸ್ಟಿಕ್ ಡಬ್ಬಿ ಸಾಕು, ಮರಿಗೆ ಮಸಾಲೆ ಡಬ್ಬಿಯಷ್ಟು ಚಿಕ್ಕದು, ದೊಡ್ಡದಕ್ಕೆ ಕಾಲು ಚಾಚಿದ ಅಳತೆಯ ಮೂರು ಪಟ್ಟು ಉದ್ದ. ಎತ್ತರ ಜಾಸ್ತಿ ಬೇಡ. ನೆಲದ ಟರಾಂಟುಲಾ ಗೋಡೆ ಹತ್ತಿ ಬಿದ್ರೆ ಹೊಟ್ಟೆ ಒಡೆದು ಸಾಯುತ್ತೆ, ಅದಕ್ಕೆ ಕೋಕೋಪೀಟ್ ಚೆನ್ನಾಗಿ ದಪ್ಪ ತುಂಬಿ, ಮೇಲೆ ಉಳಿಯೋ ಜಾಗ ಕಾಲಳತೆಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಇರದ ಹಾಗೆ ನೋಡ್ಕೊಳ್ಳಿ. ತೂತು ಮುಚ್ಚಳಕ್ಕೆ ಮಾತ್ರ ಹಾಕಿದ್ರೆ ಗಾಳಿ ಆಡಲ್ಲ, ನನ್ನ ತಪ್ಪು ಇದೇ. ಎದುರು ಬದುರು ಎರಡು ಪಕ್ಕಕ್ಕೂ, ಒಂದು ಕಡೆ ಸ್ವಲ್ಪ ಕೆಳಗೆ ಇನ್ನೊಂದು ಕಡೆ ಮೇಲೆ, ಕಾಯಿಸಿದ ಸೂಜಿಯಲ್ಲಿ ಸಾಲಾಗಿ ತೂತು ಮಾಡಿ, ಆಗ ಗಾಳಿ ಅಡ್ಡಕ್ಕೆ ಹಾದು ಹೋಗುತ್ತೆ. ತೂತು ಜೇಡದ ತಲೆ ಭಾಗಕ್ಕಿಂತ ಚಿಕ್ಕದಿರಲಿ. ಸೊಳ್ಳೆ ಬಲೆ ಅಥವಾ ಜಾಲರಿ ಮುಚ್ಚಳ ಬೇಡ, ಉಗುರು ಸಿಕ್ಕಿ ಹಾಕ್ಕೊಂಡು ಕಾಲು ಕಿತ್ತು ಬರುತ್ತೆ, ನೈಲಾನ್ ಆದ್ರೆ ಕಚ್ಚಿ ಹರಿದು ಹೊರಗೂ ಬರುತ್ತೆ.

ಕೋಕೋಪೀಟನ್ನ ಎರಡು ಮೂರು ನೀರಲ್ಲಿ ತೊಳೆದು ಉಪ್ಪಿನ ಅಂಶ ತೆಗೆದು ಬಿಸಿಲಲ್ಲಿ ಹರಡಿ. ಹದ ಹೇಗೆ ಅಂದ್ರೆ ಪುಟ್ಟಿನ ಹಿಟ್ಟಿನ ಹಾಗೆ, ಮುಷ್ಟಿಯಲ್ಲಿ ಹಿಡಿದ್ರೆ ಉಂಡೆ ಆಗ್ಬೇಕು, ಬೆರಳಲ್ಲಿ ಮುಟ್ಟಿದ್ರೆ ಉದುರ್ಬೇಕು, ಹಿಂಡಿದ್ರೆ ಒಂದು ಹನಿ ನೀರೂ ಬರ್ಬಾರ್ದು. ಮಳೆಗಾಲದಲ್ಲಿ ಅಷ್ಟೂ ಬೇಡ, ದೊಡ್ಡ ಜೇಡಕ್ಕೆ ಪೂರ್ತಿ ಒಣಗಿದ್ದೇ ಹಾಕಿ ನೀರಿನ ಬಟ್ಟಲು ಮಾತ್ರ ತುಂಬಿಡಿ, ಮರಿಗಾದ್ರೆ ಒಂದು ಮೂಲೆಗೆ ನಾಲ್ಕು ಹನಿ. ತೋಟದ ಮಣ್ಣು ಹಾಕೋದು ಬೇಡ, ಕಾಫಿಯ ಕಾಂಡಕೊರಕ ಹುಳಕ್ಕೆ ಕ್ಲೋರ್‌ಪೈರಿಫಾಸ್ ಔಷಧಿ ಹೊಡೆದ ತೋಟದ ಮಣ್ಣಲ್ಲಿ ಏನು ಉಳಿದಿದೆಯೋ ಯಾರಿಗೆ ಗೊತ್ತು. ಅಡಗೋಕೆ ಅರ್ಧ ತೆಂಗಿನ ಚಿಪ್ಪು ಬೋರಲು ಹಾಕಿ ಬಾಯಿಗೆ ಸ್ವಲ್ಪ ಒಡೆದು ದಾರಿ ಮಾಡಿದ್ರೆ ಆಯ್ತು, ಒಳಗಿನ ಕಾಯಿ ಪೂರ್ತಿ ಕೆರೆದು ತೆಗೀರಿ, ಇಲ್ಲಾಂದ್ರೆ ಅದಕ್ಕೇ ಬೂಷ್ಟು. ನೀರಿನ ಬಟ್ಟಲಿಗೆ ಸ್ಪಂಜ್ ಹಾಕ್ಬೇಡಿ, ಕೊಳೆಯುತ್ತೆ. ಎರಡು ಜೇಡ ತಂದ್ರೆ ಎರಡು ಡಬ್ಬಿ, ಒಟ್ಟಿಗೆ ಹಾಕಿದ್ರೆ ಬೆಳಿಗ್ಗೆ ಒಂದೇ ಇರುತ್ತೆ.

ಥಂಡಿ ಬಗ್ಗೆ ತುಂಬಾ ಜನ ಹೆದರ್ತಾರೆ. ಡಿಸೆಂಬರ್-ಜನವರಿಯಲ್ಲಿ ಮಡಿಕೇರಿಯಲ್ಲಿ ರಾತ್ರಿ ಹೊರಗೆ 12-13 ಡಿಗ್ರಿಗೆ ಇಳಿಯುತ್ತೆ, ಮನೆ ಒಳಗೆ ಅಷ್ಟಿರಲ್ಲ. 20ರಿಂದ 28 ಡಿಗ್ರಿ ಒಳಗಿದ್ರೆ ಕರ್ಲಿ ಹೇರ್ ಆರಾಮ, ಕಮ್ಮಿ ಆದ್ರೆ ಊಟ ಬಿಟ್ಟು ಸುಮ್ನೆ ಕೂರುತ್ತೆ, ಬೆಳವಣಿಗೆ ನಿಧಾನ ಆಗುತ್ತೆ ಅಷ್ಟೇ. ಡಬ್ಬೀನ ಹೊರಗೋಡೆ ಪಕ್ಕ ಇಡದೆ ಒಳಗೋಡೆ ಪಕ್ಕ ಎತ್ತರದಲ್ಲಿಡಿ. ಹೀಟ್ ಪ್ಯಾಡ್ ಮಾತ್ರ ಕೆಳಗೆ ಇಡ್ಲೇಬೇಡಿ. ಟರಾಂಟುಲಾಗೆ ಬಿಸಿ ಆದ್ರೆ ತಂಪು ಹುಡುಕಿ ಕೆಳಗೆ ತೋಡ್ಕೊಂಡು ಹೋಗೋ ಅಭ್ಯಾಸ, ಕೆಳಗೇ ಬೆಂಕಿ ಇದ್ರೆ ಬೆಂದೇ ಹೋಗುತ್ತೆ. ತೀರಾ ಚಳಿ ಅನ್ಸಿದ್ರೆ ರೂಮನ್ನೇ ಬೆಚ್ಚಗೆ ಮಾಡಿ.

ನಮ್ಮ ಕಡೆ ಮನೆಯೊಳಗಿನ ವಿಷಾನೇ ದೊಡ್ಡ ಅಪಾಯ. ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇ ಇದೆಲ್ಲಾ ಹುಳ ಕೊಲ್ಲೋಕೆ ಮಾಡಿರೋದು, ಜೇಡಕ್ಕೂ ಬಿಡಲ್ಲ. ಆ ರೂಮಲ್ಲಿ ಸೊಳ್ಳೆ ಪರದೆ ಕಟ್ಟಿ ಮಲಗಿ. ಫಾಗಿಂಗ್‌ನವರು ಬಂದ್ರೆ, ಪಕ್ಕದ ತೋಟದಲ್ಲಿ ಔಷಧಿ ಹೊಡೆದ್ರೆ ಕಿಟಕಿ ಮುಚ್ಚಿ. ಇರುವೆಗೆ ಲಕ್ಷ್ಮಣರೇಖೆ ಎಳೆಯೋದೂ ಬೇಡ, ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡೋ ಹಳೇ ಪದ್ಧತಿನೇ ಸರಿ, ಪೊರೆ ಬಿಡ್ತಿರೋ ಜೇಡಕ್ಕೆ ಇರುವೆ ಮುತ್ತಿದ್ರೆ ಅದು ಏನೂ ಮಾಡೋಕಾಗಲ್ಲ.

ಊಟಕ್ಕೆ ತೋಟದ ಮಿಡತೆ ಹಿಡಿದು ಹಾಕ್ಬೇಡಿ, ಅದೇ ಔಷಧಿ ಕಾರಣ. ಮೀಲ್‌ವರ್ಮ್ ಅನ್ನೋ ಹಿಟ್ಟಿನ ಹುಳ ತಂದು ಮನೇಲೇ ಬೆಳೆಸ್ಕೊಳ್ಳಿ, ದನದ ಮೇವಿನ ಅಂಗಡಿಯ ಗೋಧಿ ಬೂಸಾ ಒಂದು ಟಬ್ಬಿಗೆ ಹಾಕಿ ಅದರಲ್ಲಿ ಬಿಡಿ, ತೇವಕ್ಕೆ ಒಂದು ತುಂಡು ಕ್ಯಾರೆಟ್, ಮಳೆಗಾಲದಲ್ಲಿ ಕ್ಯಾರೆಟ್ಟೂ ದಿನ ಬಿಟ್ಟು ದಿನ ತೆಗೀರಿ. ಮರಿಗೆ ನಾಲ್ಕೈದು ದಿನಕ್ಕೊಮ್ಮೆ ಹುಳದ ಸಣ್ಣ ತುಂಡು, ದೊಡ್ಡದಕ್ಕೆ ಹತ್ತು-ಹದಿನೈದು ದಿನಕ್ಕೊಮ್ಮೆ ಒಂದೆರಡು ಹುಳ. ಹೊಟ್ಟೆ ಭಾಗ ತಲೆ ಭಾಗಕ್ಕಿಂತ ಸ್ವಲ್ಪ ದೊಡ್ಡದಿದ್ರೆ ಸಾಕು. ತಿನ್ನದೆ ಉಳಿದಿದ್ದನ್ನ ಮಾರನೇ ದಿನ ತೆಗೀಬೇಕು. ಹೊಸದಾಗಿ ತಂದ ಜೇಡ ಮೊದಲನೇ ವಾರ ಏನೂ ತಿನ್ನದೇ ಇರಬಹುದು, ಗೋಡೆಗೇ ಅಂಟ್ಕೊಂಡು ಕೂರಬಹುದು, ಬಿಟ್ಬಿಡಿ, ಜಾಗ ಹೊಂದಿಕೊಳ್ಳೋಕೆ ಟೈಮ್ ಬೇಕು.

ಪೊರೆ ಬಿಡೋದನ್ನ ಮೊದಲ ಸಲ ನೋಡಿದಾಗ ಎಲ್ಲರೂ ಸತ್ತೋಯ್ತು ಅಂತ ಗಾಬರಿ ಆಗ್ತಾರೆ. ಅದಕ್ಕೆ ಮುಂಚೆ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಊಟ ಬಿಡುತ್ತೆ, ಬಣ್ಣ ಮಂಕಾಗುತ್ತೆ, ಹೊಟ್ಟೆ ಕಪ್ಪಾಗಿ ಹೊಳೆಯುತ್ತೆ. ಆಮೇಲೆ ಒಂದು ದಿನ ಬಲೆಯ ಚಾಪೆ ಹಾಸ್ಕೊಂಡು ಬೆನ್ನ ಮೇಲೆ ಅಂಗಾತ ಮಲಗುತ್ತೆ. ಆಗ ಮುಟ್ಬೇಡಿ, ತಿರುಗಿಸ್ಬೇಡಿ, ಡಬ್ಬಿ ಅಲುಗಿಸ್ಬೇಡಿ, ಊದ್ಬೇಡಿ. ಒಳಗೆ ಹುಳ ಇದ್ರೆ ಊಟ ಬಿಟ್ಟಾಗಲೇ ತೆಗೆದಿರ್ಬೇಕು, ಮೆತ್ತಗಿರೋ ಜೇಡವನ್ನ ಚಿಮ್ಮಂಡೆ ಕಚ್ಚಿ ತಿನ್ನುತ್ತೆ. ಪೊರೆ ಬಿಟ್ಟ ತಕ್ಷಣ ಹಲ್ಲು ಬೆಳ್ಳಗಿರುತ್ತೆ, ಕಪ್ಪಾಗೋ ತನಕ, ಮರಿಗೆ ನಾಲ್ಕೈದು ದಿನ, ದೊಡ್ಡದಕ್ಕೆ ಒಂದೆರಡು ವಾರ, ಊಟ ಹಾಕಬಾರದು, ನೀರು ಮಾತ್ರ. ಅಂಗಾತ ಮಲಗಿದ್ರೆ ಪೊರೆ, ನೆಟ್ಟಗೆ ಕೂತೇ ಕಾಲೆಲ್ಲಾ ಹೊಟ್ಟೆ ಕೆಳಗೆ ಮುದುಡಿದ್ರೆ ಅದು ಕೆಟ್ಟ ಸೂಚನೆ, ಹೆಚ್ಚಿನ ಸಲ ನೀರಿಲ್ಲದೆ ಒಣಗಿರುತ್ತೆ, ಮೆಲ್ಲಗೆ ಎತ್ತಿ ಬಾಯಿ ನೀರಿನ ಬಟ್ಟಲಿನ ಅಂಚಿಗೆ ತಾಗೋ ಹಾಗೆ ಇಡಿ.

ಕೈಗೆ ತಗೊಳ್ಳೋದು ಬೇಡ. ನಾನು ತಗೊಳ್ಳಲ್ಲ, ಅದಕ್ಕೆ ನಮ್ಮ ಪ್ರೀತಿ ಬೇಕಾಗಿಲ್ಲ, ಬಿದ್ರೆ ಮಾತ್ರ ಅದರ ಜೀವ ಹೋಗುತ್ತೆ. ಅಮೆರಿಕ ಖಂಡದ ಈ ಜಾತಿಗಳ ಕಚ್ಚು ಸಾಮಾನ್ಯವಾಗಿ ಜೇನು ಕಡಿದಷ್ಟೇ, ಹೊಟ್ಟೆಯಿಂದ ಒದ್ದು ಹಾರಿಸೋ ಕೂದಲೇ ಉಪದ್ರವ. ಚರ್ಮಕ್ಕೆ ಬಿದ್ರೆ ಸೆಲ್ಲೋಟೇಪ್ ಅಂಟಿಸಿ ಎಳೀರಿ, ತೊಳೀರಿ, ಉಜ್ಜಬೇಡಿ. ಕಣ್ಣಿಗೆ ಹೋದ್ರೆ ಮನೆ ಮದ್ದು ಮಾಡದೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಏನು ಬಿದ್ದಿದೆ ಅಂತ ಸರಿಯಾಗಿ ಹೇಳಿ. ಡಬ್ಬಿ ಬದಲಾಯಿಸುವಾಗ ಮೆತ್ತನೆ ಪೇಂಟಿಂಗ್ ಬ್ರಷ್‌ನಿಂದ ಹಿಂದಿನ ಕಾಲಿಗೆ ತಾಗಿಸಿ ಒಂದು ಲೋಟದೊಳಗೆ ನಡೆಸಿ, ನೆಲದ ಮೇಲೆ ಕೂತೇ ಮಾಡಿ, ಮೇಜಿನ ಮೇಲೆ ಬೇಡ.

ಪುತ್ತರಿ ಹಬ್ಬಕ್ಕೆ ನೆಂಟರ ಮನೆಗೆ ಒಂದು ವಾರ ಹೋಗೋದಾದ್ರೆ ನೀರು ತುಂಬಿಸಿಟ್ಟು ಹೋಗಿ, ಏನೂ ಆಗಲ್ಲ. ಮೇ ತಿಂಗಳ ಕೊನೇ ವಾರ ಮಾತ್ರ ಎಲ್ಲೂ ಹೋಗ್ಬೇಡಿ, ಬಿಸಿಲು ಇರೋವಾಗಲೇ ಕೋಕೋಪೀಟ್ ಒಣಗಿಸಿ ಗಾಳಿ ಆಡದ ಕವರಲ್ಲಿ ಕಟ್ಟಿ ಅಟ್ಟದಲ್ಲಿ ಇಟ್ಕೊಳ್ಳಿ, ಒಂದು ಡಬ್ಬಿ ಎಕ್ಸ್‌ಟ್ರಾ ತೂತು ಹಾಕಿ ಪಕ್ಕಕ್ಕಿಡಿ. ಜುಲೈನಲ್ಲಿ ನಡುರಾತ್ರಿ ಕರೆಂಟ್ ಇಲ್ಲದಾಗ ಬೂಷ್ಟು ಕಂಡ್ರೆ ಟಾರ್ಚ್ ಹಿಡ್ಕೊಂಡು ತಕ್ಷಣ ಬದಲಾಯಿಸೋಕೆ ಒಣಗಿದ್ದು ಕೈಗೆ ಸಿಗ್ಬೇಕು.