ಸಂಜೆಗೆ ನಿಲ್ಲದ ಲೇಡೀಸ್ ಆಟೋಮ್ಯಾಟಿಕ್

ನನ್ನ ಅಕ್ಕ ಗುಳೇದಗುಡ್ಡದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. 1986ರಲ್ಲಿ ಕೆಲಸಕ್ಕೆ ಸೇರಿದವಳು, ಈ ವರ್ಷ ರಿಟೈರ್ ಆದಳು. ಅದೇ 1986ರ ವಾಚು ಹುಡುಕಿ ಕೊಡಬೇಕು ಅಂತ ವರ್ಷದ ಹಿಂದೆಯೇ ಹಟ ಹಿಡಿದಿದ್ದೆ. ಎಚ್‌ಎಂಟಿಯ ಸುಜಾತಾ ವಾಚು ನನ್ನ ಕೈಯಲ್ಲೇ ಇತ್ತು. ಆದರೆ ಅದಕ್ಕೆ ದಿನಾ ಚಾವಿ ಕೊಡಬೇಕು. ಅಕ್ಕನ ಬೆರಳ ಗಂಟುಗಳು ಊದಿವೆ, ಅಷ್ಟು ಸಣ್ಣ ಚಾವಿ ಹಿಡಿಯೋಕೆ ಆಗಲ್ಲ. ಕೈ ಆಡಿದರೆ ತಾನೇ ಚಾವಿ ತುಂಬಿಕೊಳ್ಳುವ ಆಟೋಮ್ಯಾಟಿಕ್ಕೇ ಬೇಕು, ಅದೂ ನಿಲ್ಲಬಾರದು. ನಿಂತರೆ ಟೈಮ್ ಸೇರಿಸೋಕೆ ಮತ್ತೆ ಅದೇ ಚಾವಿ ಎಳೆಯಬೇಕಲ್ವಾ?

ಹಳೇ ಬಾಗಲಕೋಟೆಯಲ್ಲಿ ನಾನು ಕೆಲಸ ಕಲಿತ ರಿಪೇರಿ ಕಾಕಾ ಕೇಳಿದ ಕೂಡಲೇ ತಲೆ ಅಲ್ಲಾಡಿಸಿದರು. "ಹೆಣ್ಮಕ್ಕಳ ಆಟೋಮ್ಯಾಟಿಕ್ ಸಂಜಿಗೆ ನಿಂತಬಿಡತಾವಪಾ. ರೋಟರ್ ಸಣ್ಣದು. ಸುಮ್ನ ಸೆಲ್ಲಿಂದು ತಗೊಂಡ ಕೊಡು." ರೋಟರ್ ಅಂದರೆ ಕೈ ಆಡಿದಂತೆ ತಿರುಗಿ ಸ್ಪ್ರಿಂಗ್ ಸುತ್ತುವ ತೂಕದ ತುಂಡು. ಬೇರೆ ಇಬ್ಬರು ಮೂವರೂ ಇದನ್ನೇ ಹೇಳಿದರು.

ಮೊದಲ ಖರೀದಿ ಬೆಳಗಾವಿ ಖಡೇ ಬಜಾರ್ ಕಡೆ. ಬಸ್ಸಿನಲ್ಲಿ ಮೂರೂವರೆ ತಾಸು ಕೂತು ಹೋದ ಮೇಲೆ ಬರಿಗೈಯಲ್ಲಿ ಬರೋಕೆ ಮನಸ್ಸಾಗಲಿಲ್ಲ. ನೀಲಿ ಡಯಲಿನ ಸೀಕೊ, 1,400 ರೂಪಾಯಿ. ಮನೆಗೆ ಬಂದು ಕಣ್ಣಿಗೆ ಲೂಪ್ (ರಿಪೇರಿಯವರ ಭೂತಗನ್ನಡಿ) ಹಚ್ಚಿದರೆ ಡಯಲಿನ ಕೆಳ ಅಂಚಿನಲ್ಲಿ ಇರಬೇಕಾದ ಸಣ್ಣ ನಂಬರ್ ಇಲ್ಲವೇ ಇಲ್ಲ. ಪೂರ್ತಿ ಮರುಬಣ್ಣ. ಅಂಗಡಿಯ ಬೆಳಕಿನಲ್ಲಿ ಎಷ್ಟು ಚೆನ್ನಾಗಿ ಹೊಳೆದಿತ್ತು! ಅವತ್ತಿನಿಂದ ಸ್ವಂತ ಟಾರ್ಚ್ ಇಲ್ಲದೆ ನಾನು ಅಂಗಡಿ ಮೆಟ್ಟಿಲು ಹತ್ತಲ್ಲ.

ಎರಡನೆಯದು ಗಿಲೀಟಿನ ಸ್ವಿಸ್ ವಾಚು, ಒಳಗೆ ಇಟಿಎ ಕಂಪನಿಯ 2671. 17 ಮಿಲಿಮೀಟರ್‌ಗಿಂತ ಚೂರು ಜಾಸ್ತಿ ಅಗಲದ ಮಿಷಿನ್, ತಾಸಿಗೆ 28,800 ಬಡಿತ. ಮಿಷಿನ್ ಅಂದರೆ ಮಿಷಿನ್, ನೋಡುತ್ತಾ ಕೂರಬೇಕು ಅನಿಸುತ್ತೆ. ಆದರೆ ಬೆಲ್ಟ್ ಬಿಚ್ಚಿದರೆ ಅದನ್ನು ಸಿಕ್ಕಿಸುವ ಕಾಲುಗಳ ಹಿಂದೆ ಗಿಲೀಟು ಹೋಗಿ ಹಸಿರು ಹತ್ತಿತ್ತು. 3,200 ಕೊಟ್ಟಿದ್ದೆ, 2,500ಕ್ಕೆ ಮಾರಿದೆ.

ಮೂರನೆಯದು ನಾನು ಹುಡುಕುತ್ತಿದ್ದದ್ದು. ಸ್ಟೀಲ್ ಬಾಡಿಯ ಸೀಕೊ, ಮಿಷಿನ್ ನಂಬರ್ 4205. ಕೆನೆ ಬಣ್ಣದ ಡಯಲ್, ಕಂಪನಿಯದೇ. ಹಿಂಬದಿ ಮುಚ್ಚಳದ ಸೀರಿಯಲ್ 68ರಿಂದ ಶುರು. ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಬರೀ 6 ನೋಡಿ ವರ್ಷ ಹೇಳೋಕೆ ಆಗಲ್ಲ, ಮಿಷಿನ್ ಮತ್ತು ಬಾಡಿ ನೋಡಿ ದಶಕ ತೀರ್ಮಾನಿಸಬೇಕು. ನನ್ನ ಲೆಕ್ಕದಲ್ಲಿ 1986ರ ಆಗಸ್ಟ್. ಅಕ್ಕ ಸೇರಿದ್ದು ಜೂನ್‌ನಲ್ಲಿ. 66 ಸಿಕ್ಕಿದ್ದರೆ ಇನ್ನೂ ಖುಷಿ ಇತ್ತು, ಸಿಗಲಿಲ್ಲ. 2,600 ಆಯಿತು. ಬೆಲೆ ಇಳಿಸೋಕೆ ಅಂಗಡಿಯವರಿಗೆ ಒಂದು ಪ್ರಶ್ನೆ ಕೇಳುತ್ತೇನೆ, ಯಾವಾಗಲೂ ಕೆಲಸ ಮಾಡುತ್ತೆ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ಮಿಷಿನ್ ಒಳಗೆ ನೀರು ಹೋಗಿ ತುಕ್ಕು ತಿಂದಿತ್ತು. ಹಾಗಾಗಿ ಬೇರೆ ಕಡೆಯಿಂದ ಓಡುವ 4205 ಒಂದನ್ನು 900ಕ್ಕೆ ತರಿಸಿದೆ. ಇಲ್ಲಿ ಎಡವಿದೆ. ಅದರ ಚಾವಿ 3ರ ನೇರಕ್ಕೆ, ನನ್ನ ಬಾಡಿಯದು 4ರ ಹತ್ತಿರ. ಡಯಲಿನ ಕಾಲು, ಅಂದರೆ ಅದರ ಹಿಂದಿನ ಸಣ್ಣ ಕಡ್ಡಿಗಳು, ಮಿಷಿನ್‌ನ ತೂತಿಗೆ ಕೂರಲಿಲ್ಲ. ತಾರೀಕಿನ ಅಂಕಿಗಳೂ ಕಿಟಕಿಯಲ್ಲಿ ಸೊಟ್ಟ. ಕಾಲು ಕತ್ತರಿಸಿ ಅಂಟಿಸು ಅಂದರು ಒಬ್ಬರು. ಒಳ್ಳೆಯ ಡಯಲಿಗೆ ನಾನು ಆ ಕೆಲಸ ಮಾಡಲ್ಲ. ಮತ್ತೆ 1,100 ಕೊಟ್ಟು ಚಾವಿ ಸರಿಯಿದ್ದದ್ದು ತಂದೆ. ಮಿಷಿನ್ ನಂಬರ್ ಒಂದೇ ಆದರೆ ಸಾಲದು, ಚಾವಿಯ ಜಾಗವನ್ನೂ ನೋಡಿ.

ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದೆ. ದಿನಕ್ಕೆ ಹತ್ತು ಹನ್ನೆರಡು ಸೆಕೆಂಡ್ ಮುಂದೆ, ಅಷ್ಟೇ. ಆದರೆ ರಾತ್ರಿ ತೆಗೆದಿಟ್ಟರೆ ಬೆಳಿಗ್ಗೆ ನಿಂತಿರುತ್ತಿತ್ತು. ಕಾಕಾ ಹೇಳಿದ್ದೇ ಸರಿ ಇರಬೇಕು ಅಂತ ಎರಡು ವಾರ ಅದನ್ನು ಮುಟ್ಟಲಿಲ್ಲ.

ಆಮೇಲೆ ಮೈಕ್ರೋವೇವ್ ತಟ್ಟೆ ತಿರುಗಿಸುವ ಮೋಟರಿಗೆ ವಾಚು ಕಟ್ಟಿ ನೋಡಿದೆ. ಮೊದಲ ದಿನ ಮಲಗಿಸಿ ಕಟ್ಟಿದ್ದೆ, ರೋಟರ್ ವಾಚಿನ ಜೊತೆಗೇ ತಿರುಗಿತು, ಒಂದು ಸುತ್ತೂ ತುಂಬಲಿಲ್ಲ. ಓರೆ ಮಾಡಿ ನಿಲ್ಲಿಸಿದ ಮೇಲೆ ಸರಿಯಾಯಿತು. ಇನ್ನೊಂದು ಪ್ರಯೋಗ ಮನೆಯವಳ ಕೈಮೇಲೆ. ಜೋಳದ ರೊಟ್ಟಿ ಬಡಿಯುವಾಗ ಕಟ್ಟಿಸಿದೆ. ಇಪ್ಪತ್ತು ರೊಟ್ಟಿ, ಮುಕ್ಕಾಲು ತಾಸು. ಮುಚ್ಚಳ ತೆಗೆದು ನೋಡಿದರೆ ಸ್ಪ್ರಿಂಗ್ ಸುತ್ತಿಕೊಂಡದ್ದು ಗೊತ್ತಾಗುತ್ತಿತ್ತು! ಬೆಲ್ಟಿನ ತುಂಬ ಹಿಟ್ಟು, ಅದು ಬೇರೆ ಮಾತು. ಅಂದರೆ ರೋಟರ್ ತನ್ನ ಕೆಲಸ ಮಾಡುತ್ತಿದೆ, ಹೆಣ್ಮಕ್ಕಳ ಕೈಯೂ ಮಾಡುತ್ತಿದೆ. ತುಂಬಿದ್ದು ಎಲ್ಲೋ ಸೋರುತ್ತಿದೆ.

ಸ್ಕ್ರೂಡ್ರೈವರಿನಿಂದ ಸ್ಪ್ರಿಂಗ್ ಸುತ್ತುವ ರಾಚೆಟ್ ಚಕ್ರದ ಸ್ಕ್ರೂ ತಿರುಗಿಸಿದೆ. ನಾಲ್ಕೈದು ಸುತ್ತಿಗೇ ಸ್ಪ್ರಿಂಗ್ ಒಳಗೆ ಜಾರಿತು. ಬಿಟ್ಟು ನೋಡಿದರೆ 14 ತಾಸಿಗೆ ನಿಂತಿತು. ಕಳ್ಳ ಬ್ಯಾರೆಲ್ ಒಳಗಿದ್ದ, ಅಂದರೆ ಮೇನ್ ಸ್ಪ್ರಿಂಗ್ ಕೂರುವ ಡಬ್ಬಿಯೊಳಗೆ. ಆಟೋಮ್ಯಾಟಿಕ್ ಮೇನ್ ಸ್ಪ್ರಿಂಗ್ ಪೂರ್ತಿ ತುಂಬಿದ ಮೇಲೆ ಮಾತ್ರ ಆ ಡಬ್ಬಿಯ ಗೋಡೆಯ ಮೇಲೆ ಜಾರಬೇಕು. ಹಿಂದೆ ಯಾರೋ ಚಾವಿ ವಾಚಿಗೆ ಹಾಕುವ ಹಾಗೆ ಗೋಡೆಗೆಲ್ಲ ನುಣುಪು ಗ್ರೀಸ್ ಬಳಿದಿದ್ದರು. ನಾನೂ ಬ್ಯಾರೆಲ್ ಬಿಚ್ಚದೆ ಹಾಗೇ ತೊಳೆದುಬಿಟ್ಟಿದ್ದೆ. ಬ್ಯಾರೆಲ್ ಗೋಡೆಗೆಂದೇ ಬರುವ, ಹಿಡಿತ ಕೊಡುವ ಗ್ರೀಸ್ ಸಣ್ಣ ಸೀಸೆಗೆ 1,800 ಹತ್ತಿರ ಕೊಟ್ಟೆ. ವಾಚಿಗೆ ಹಾಕುವುದು ಸಾಸಿವೆ ಕಾಳಿಗಿಂತ ಕಡಿಮೆ. ಗೋಡೆಯ ಯಾವ ಜಾಗಗಳಿಗೆ, ಎಷ್ಟು ಚುಕ್ಕಿ ಎಂಬುದು ನನ್ನ ಹತ್ತಿರವೇ ಇರಲಿ. ಮೂರು ಸಲ ಬಿಚ್ಚಿ ಹಾಕಿ ಕಂಡುಕೊಂಡದ್ದು. ಮೊದಲ ಸಲ 22 ತಾಸು, ಎರಡನೇ ಸಲ 31, ಮೂರನೇ ಸಲ 39.

ಹೊಸ ಗ್ಯಾಸ್ಕೆಟ್, ಗ್ಲಾಸ್ ಸೇರಿ 200, 12 ಮಿಲಿಮೀಟರ್ ಬೆಲ್ಟ್ 350. ಹೋದದ್ದು ಹನ್ನೊಂದೂವರೆ ಸಾವಿರ, ಸ್ವಿಸ್ ಮಾರಿದ್ದು ಕಳೆದರೆ ಒಂಬತ್ತು. ಇದೇ ದುಡ್ಡಿಗೆ ಹೊಸದೇ ಬರುತ್ತಿತ್ತು ಅಂತ ತಮ್ಮ ಇವತ್ತಿಗೂ ಅನ್ನುತ್ತಾನೆ. 1986ರದ್ದು ಹೊಸದು ಎಲ್ಲಿ ಬರುತ್ತೆ?

ಮನೆಯವಳು ಗುಳೇದಗುಡ್ಡದ ಖಣದಲ್ಲಿ ಒಂದು ಚೀಲ ಹೊಲಿದಳು. ಬೀಳ್ಕೊಡುಗೆಯ ದಿನ ಅದರಲ್ಲಿಟ್ಟು ಕೊಟ್ಟೆ. ಅಕ್ಕ ಮೊದಲಿನಿಂದಲೂ ಬಲಗೈಗೇ ಕಟ್ಟುವವಳು. ಅವತ್ತೂ ಹಾಗೇ ಕಟ್ಟಿಕೊಂಡಳು. ಮುಚ್ಚಳದ 68 ತೋರಿಸಿ ಅರ್ಥ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆಗಸ್ಟಿಗೆ ನನಗ ಮೊದಲನೇ ಪಗಾರ ಬಂದಿತ್ತು ನೋಡಪಾ, ಎರಡು ತಿಂಗಳದ್ದು ಕೂಡೇ" ಅಂದಳು. ಅದು ನನಗೆ ಗೊತ್ತೇ ಇರಲಿಲ್ಲ.

ಹೋದ ವಾರ ಫೋನ್ ಮಾಡಿದ್ದಳು. ಶನಿವಾರ ರಾತ್ರಿ ತೆಗೆದಿಟ್ಟದ್ದು ಸೋಮವಾರ ಬೆಳಿಗ್ಗೆಯೂ ನಡೆಯುತ್ತಿತ್ತಂತೆ. ಕಾಕಾಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮಾರನೇ ದಿನ ಮೊಮ್ಮಗನ ಕೈಯಲ್ಲಿ ಒಂದು ಡಬ್ಬಿ ಕಳಿಸಿದರು, ಒಳಗೆ ಎರಡು ಲೇಡೀಸ್ ಆಟೋಮ್ಯಾಟಿಕ್. ಒಂದರ ಬ್ಯಾರೆಲ್ ನಿನ್ನೆ ಬಿಚ್ಚಿದೆ. ಅದರಲ್ಲೂ ಅದೇ ನುಣುಪು ಗ್ರೀಸ್.