ರಾಯಚೂರಿನ ಬಿಸಿಲಲ್ಲಿ ಹವಳದ ಟ್ಯಾಂಕ್ ಉಳಿಸಿಕೊಳ್ಳುವುದು ಹೇಗೆ?

ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ತಿಂಗಳ ಬಗ್ಗೆ. ದೀಪಾವಳಿ ಮುಗಿದ ಮೇಲೆ ಶುರು ಮಾಡಿ, ಯುಗಾದಿ ಹೊತ್ತಿಗೆ ಬೇಡ. ಹವಳಕ್ಕೆ 25-26 ಡಿಗ್ರಿ ನೀರು ಹಿತ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಹೊರಗೆ 40 ದಾಟುತ್ತದೆ. ಆ ಹೊತ್ತಿಗೆ ಟ್ಯಾಂಕ್ ಹಳತಾಗಿರಬೇಕು.

ಬೋರ್‌ವೆಲ್ ನೀರು ಹಾಕಲೇಬೇಡಿ. ಕುಡಿಯುವ ನೀರಿನ ಘಟಕದ ಕ್ಯಾನ್ ನೀರನ್ನೂ ಟಿಡಿಎಸ್ ಮೀಟರ್‌ನಲ್ಲಿ (ನೀರಲ್ಲಿ ಕರಗಿದ ಲವಣ ಅಳೆಯುವ ಸಾಧನ) ನೋಡಿ. ಬಾಯಿಗೆ ರುಚಿಯಾದ ನೀರಲ್ಲೂ ಲವಣ ಇರುತ್ತದೆ, ನಮಗೆ ಬೇಕಾದದ್ದು ಸೊನ್ನೆಯ ಹತ್ತಿರದ ನೀರು. ಅದಕ್ಕೆ ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪನ್ನೇ ಬೆರೆಸಿ, ಲೀಟರಿಗೆ 35 ಗ್ರಾಂ ಲವಣ ಬರುವಂತೆ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಅಳೆಯಿರಿ. ಅಡುಗೆ ಉಪ್ಪಿನಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ.

ಆಮೇಲೆ ನಾಲ್ಕರಿಂದ ಆರು ವಾರ ಕಾಯಬೇಕು. ಮೀನಿನ ಗಲೀಜಿನಿಂದ ಬರುವ ವಿಷ ಅಮೋನಿಯಾ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಟ್ಯಾಂಕಿನೊಳಗಿನ ಕಲ್ಲಿನಲ್ಲಿ ನೆಲೆಯೂರಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವವರೆಗೆ ಮೀನು ಬೇಡ. ಈ ನಡುವೆ ಕಂದು ಪಾಚಿ ಬಂದರೆ ಗಾಬರಿ ಬೇಡ, ತಾನೇ ಹೋಗುತ್ತದೆ.

ನಾನು ದೊಡ್ಡ ತಪ್ಪು ಮಾಡಿದ್ದು ನೀರು ತುಂಬುವುದರಲ್ಲಿ. ನನ್ನದು 120 ಲೀಟರಿನ ಟ್ಯಾಂಕ್. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ದಿನಕ್ಕೆ ಮೂರು ಲೀಟರ್ ಆವಿಯಾಗುತ್ತಿತ್ತು. ಕಡಿಮೆಯಾದಷ್ಟಕ್ಕೆ ಉಪ್ಪುನೀರನ್ನೇ ಸುರಿದೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ? ದಿನಕ್ಕೆ ನೂರು ಗ್ರಾಂಗಿಂತ ಜಾಸ್ತಿ ಉಪ್ಪು ಸೇರಿ ಒಂದೇ ವಾರದಲ್ಲಿ ಲೀಟರಿಗೆ 35 ಗ್ರಾಂ ಇದ್ದದ್ದು 41 ಆಯಿತು. ಅಂಗೈ ಅಗಲ ಅರಳುತ್ತಿದ್ದ ಮಶ್ರೂಮ್ ಹವಳ ಅಂಗಿ ಗುಂಡಿಯಷ್ಟು ಮುದುಡಿತು. ಕ್ಲೌನ್ ಮೀನು ತಳದಲ್ಲಿ ಕೂತು ಕಿವಿರು ಬಡಿಯುತ್ತಿತ್ತು. ಒಂದೇ ಸಲ ಸರಿಮಾಡಲು ಹೋಗಿದ್ದರೆ ಅವು ಸತ್ತೇ ಹೋಗಬಹುದಿತ್ತು. ದಿನಕ್ಕೆ ಆರು ಲೀಟರ್ ತೆಗೆದು ಅಷ್ಟೇ ಶುದ್ಧ ನೀರು ಹಾಕುತ್ತಾ ಮೂರು ದಿನದಲ್ಲಿ 35ಕ್ಕೆ ಇಳಿಸಿದೆ. ಈಗ ಗಾಜಿನ ಮೇಲೆ ಮಾರ್ಕರ್ ಗೆರೆ ಹಾಕಿದ್ದೇನೆ. ಗೆರೆಗಿಂತ ಇಳಿದಷ್ಟಕ್ಕೆ ಬರೀ ಶುದ್ಧ ನೀರು, ಬೆಳಿಗ್ಗೆ ಸಂಜೆ.

ಬಿಸಿ ಜಾಸ್ತಿಯಾದರೆ ಹವಳದ ಮೈಯೊಳಗಿನ ಪಾಚಿ ಹೊರಬಿದ್ದು ಅದು ಬೆಳ್ಳಗಾಗುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಯಂತ್ರ ದುಬಾರಿ. ನಮ್ಮ ಒಣ ಹವೆಯಲ್ಲಿ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಮುಚ್ಚಳ ತೆಗೆದು ಬಲೆ ಹಾಕಿ, ಲೈಟನ್ನು ಸಂಜೆಗೆ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಇಷ್ಟೇ ಸಾಲದು, ಟ್ಯಾಂಕ್ ಇರುವ ಕೋಣೆಗೆ ಎಸಿ ಬೇಕೇ ಬೇಕು.

ಕರೆಂಟ್ ಹೋದಾಗ ಮೊದಲು ಕಡಿಮೆಯಾಗುವುದು ಆಕ್ಸಿಜನ್. ಬ್ಯಾಟರಿಯ ಏರ್ ಪಂಪ್ ಪಕ್ಕದಲ್ಲೇ ಇರಲಿ. ಆ ಹೊತ್ತಲ್ಲಿ ಆಹಾರ ಹಾಕಬೇಡಿ.

ಮೊದಲ ವರ್ಷ ಮಶ್ರೂಮ್, ಜೊವಾಂಥಿಡ್‌ನಂಥ ಮೆತ್ತನೆಯ ಹವಳಗಳೇ ಸಾಕು. ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ನಮ್ಮ ಸಮುದ್ರದಿಂದ ಕಿತ್ತು ತಂದದ್ದನ್ನು ಕೊಳ್ಳುವುದು ಅಪರಾಧ. ಎಲ್ಲಿಂದ ಬಂತು ಅಂತ ಅಂಗಡಿಯವರನ್ನು ಕೇಳಿ, ಬಿಲ್ ಕೇಳಿ. ಕೊಡದಿದ್ದರೆ ಬರಿಗೈಲಿ ವಾಪಸ್ ಬನ್ನಿ.