ಚೀಟಿ ಅಂಟಿಸಿದ ಕಪಾಟು

"ಅಕ್ಕಾ, ಪರೀಕ್ಷೆಗಲ್ಲ. ಸುಮ್ನೆ ಓದೋಕೆ ಏನಾದ್ರೂ ಇದ್ಯಾ?"

ಏಳೆಂಟು ವರ್ಷದ ಹಿಂದಿನ ಮಾತು. ಎಸ್ಸೆಸ್ಸೆಲ್ಸಿ ಬರೆದು ಮುಗಿಸಿದ ಹುಡುಗಿಯೊಬ್ಬಳು ನಮ್ಮ ಅಂಗಡಿಗೆ ಬಂದು ಹೀಗೆ ಕೇಳಿದಳು. ನಾನು ಅಂಗಡಿಯನ್ನೆಲ್ಲ ಒಮ್ಮೆ ನೋಡಿದೆ. ಒಂದು ಗೋಡೆ ತುಂಬ ಗೈಡು, ನೋಟ್‌ಬುಕ್ಕು, ಸಿಇಟಿ, ನೀಟ್ ಪುಸ್ತಕ. ಎದುರಿನ ಗೋಡೆಯಲ್ಲಿ ದೊಡ್ಡವರು ಕೇಳುವ ಕಾದಂಬರಿ, ಅಡುಗೆ, ಜ್ಯೋತಿಷ್ಯ. ಬಾಗಿಲ ಹತ್ತಿರ ಪುಟ್ಟ ಮಕ್ಕಳ ಬಣ್ಣದ ಪುಸ್ತಕ. ಹದಿನೈದು ಹದಿನಾರರ ಮಕ್ಕಳಿಗೆ ಅಂತ ಒಂದು ಗೇಣು ಜಾಗ ಇರಲಿಲ್ಲ. ಅವಳು ಒಂದು ಜೆಲ್ ಪೆನ್ನು ತಗೊಂಡು ಹೋದಳು.

ಅವತ್ತು ರಾತ್ರಿ ನೆನಪಾಯಿತು. ದೊಡ್ಡವರ ಸಾಲಿನಲ್ಲಿ ತೇಜಸ್ವಿಯವರ ಕಾದಂಬರಿ 'ಕರ್ವಾಲೊ' ಇತ್ತು. ಬೆನ್ನು ಮಾಸಿಹೋಗಿತ್ತು, ಆದರೆ ಇತ್ತು. ಅದನ್ನು ಕೈಗೆ ಕೊಡಬೇಕು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಆ ಬೇಸರದಿಂದಲೇ ನಾನು ಈ ವಯಸ್ಸಿನವರಿಗೆ ಅಂತಲೇ ಒಂದು ಕಪಾಟು ಮಾಡುವ ಕೆಲಸಕ್ಕೆ ಇಳಿದಿದ್ದು.

ನಮ್ಮ ಅಂಗಡಿ ಮಂಡ್ಯದಲ್ಲಿ. ಅಪ್ಪ ಶುರು ಮಾಡಿದ್ದು. ಜೂನ್ ತಿಂಗಳ ಪಠ್ಯಪುಸ್ತಕದ ವ್ಯಾಪಾರವೇ ವರ್ಷವಿಡೀ ಅಂಗಡಿಯನ್ನು ನಡೆಸುತ್ತದೆ. ಕೆರಗೋಡು, ದುದ್ದ, ಬಸರಾಳು ಕಡೆಯಿಂದ ಪಿಯುಸಿ ಓದಲು ಬರುವ ಮಕ್ಕಳು ಸಂಜೆ ಬಸ್ಸಿಗೆ ಕಾಯುತ್ತ ನಮ್ಮಲ್ಲಿ ನಿಲ್ಲುತ್ತಾರೆ. ಜೆರಾಕ್ಸ್ ಮಾಡಿಸುತ್ತಾರೆ. ಸುಮ್ಮನೆ ನಿಂತ ಆ ಅರ್ಧ ಗಂಟೆ ನನ್ನ ಕಣ್ಣಿಗೆ ಬಿತ್ತು.

ಅಮೆರಿಕದಲ್ಲಿ ಈ ವಯಸ್ಸಿನವರ ಕಾದಂಬರಿಗೆ ಬೇರೆ ಕಪಾಟೇ ಇರುತ್ತದೆ. ಎಸ್.ಇ. ಹಿಂಟನ್ ಎಂಬ ಹುಡುಗಿಯ ಮೊದಲ ಕಾದಂಬರಿ 1967ರಲ್ಲಿ ಅಚ್ಚಾದಾಗ ಅವಳಿಗೆ ಹದಿನೆಂಟು ವರ್ಷ. ಅಲ್ಲಿನ ಕಪಾಟಿನ ಕಥೆಯನ್ನು ಹೆಚ್ಚಾಗಿ ಅವಳಿಂದಲೇ ಶುರು ಮಾಡುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಅಲ್ಲಿನ ಸಣ್ಣ ಪುಸ್ತಕದಂಗಡಿಗಳ ಒಂದು ಪದ್ಧತಿ. 'ಇಂಡೀ ನೆಕ್ಸ್ಟ್' ಅಂತ ಅವರದೊಂದು ಪಟ್ಟಿ ಇದೆ. ಮಕ್ಕಳಿಗೆ, ಹದಿಹರೆಯದವರಿಗೆ ಬೇರೆಯದೇ ಇದೆ. ಅಂಗಡಿಯವರೇ ಓದಿ ಪುಸ್ತಕ ಸೂಚಿಸುತ್ತಾರೆ. ಯಾಕೆ ಇಷ್ಟವಾಯಿತು ಅಂತ ನಾಲ್ಕು ಸಾಲು ಬರೆದು, ಕೆಳಗೆ ತಮ್ಮ ಹೆಸರು ಹಾಕುತ್ತಾರೆ. ಹೊಗಳಿದವರು ಯಾರು ಅಂತ ಓದುವವರಿಗೆ ಗೊತ್ತಿರುತ್ತದೆ. ಇದನ್ನು ನಾನೂ ಮಾಡಬಹುದಲ್ವಾ ಅನಿಸಿತು.

ಮೊದಲ ಸಲ ಮಾಡಿದ್ದು ಕೆಲಸ ಮಾಡಲಿಲ್ಲ. ಪ್ರಶಸ್ತಿ ಬಂದ ಪುಸ್ತಕಗಳನ್ನೆಲ್ಲ ಜೋಡಿಸಿದೆ. ಪ್ರತಿಯೊಂದಕ್ಕೂ ಚೀಟಿ ಬರೆದೆ: 'ಕನ್ನಡದ ಶ್ರೇಷ್ಠ ಕಾದಂಬರಿ. ತಪ್ಪದೆ ಓದಿ.' ಮಕ್ಕಳು ಬಂದು ಚೀಟಿ ನೋಡಿ ಹಾಗೇ ಹೋದರು. ಕೊಂಡವರು ಇಬ್ಬರೇ, ಇಬ್ಬರೂ ಮೇಷ್ಟ್ರು. ಒಬ್ಬ ಹುಡುಗ ಮಾತ್ರ ನೇರವಾಗಿ ಹೇಳಿದ. "ಎಲ್ಲದರ ಮೇಲೂ ಶ್ರೇಷ್ಠ ಅಂತಲೇ ಬರೆದಿದ್ದೀರಲ್ಲ ಅಕ್ಕಾ. ಹಾಗಾದ್ರೆ ಯಾವುದು ತಗೊಳ್ಳಲಿ?"

ಅವನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅರ್ಧಕ್ಕರ್ಧ ಪುಸ್ತಕಗಳನ್ನು ನಾನು ಓದಿದ್ದು ಕಾಲೇಜಿನಲ್ಲಿ. ಕೆಲವನ್ನು ಓದಿಯೂ ಇರಲಿಲ್ಲ. ಚೀಟಿಗಳನ್ನೆಲ್ಲ ಕಿತ್ತೆ. ಒಂದು ಬೇಸಿಗೆ ಪೂರ್ತಿ ಕೂತು ಓದಿದೆ. ಓದುವಾಗ ಕೈಯಲ್ಲಿ ಪೆನ್ಸಿಲ್ ಇತ್ತು. ಹದಿನೈದು ವರ್ಷದವಳಾಗಿದ್ದರೆ ಯಾವ ಪುಟದಲ್ಲಿ ಪುಸ್ತಕ ಮುಚ್ಚಿಡುತ್ತಿದ್ದೆ? ಆ ಪುಟಕ್ಕೆ ಒಂದು ಗೆರೆ ಎಳೆದೆ. ಎಲ್ಲಿಂದ ಮತ್ತೆ ಓಡುತ್ತದೆ? ಅಲ್ಲಿಗೆ ಇನ್ನೊಂದು ಗೆರೆ.

ಈಗ ನನ್ನ ಚೀಟಿಯಲ್ಲಿ ಮೊದಲು ಬರುವುದು ಆ ಗೆರೆಯ ವಿಷಯವೇ. 'ಮೊದಲ 20 ಪುಟ ನಿಧಾನ. ಅಲ್ಲಿಂದ ಮುಂದೆ ಬಿಡಲಾರಿರಿ.' ಚೆನ್ನಾಗಿದೆ ಅಂತ ಎಷ್ಟು ಸಲ ಹೇಳಿದರೂ ಈ ವಯಸ್ಸಿನವರು ನಂಬುವುದಿಲ್ಲ. ಮನೆಯಲ್ಲಿ, ಸ್ಕೂಲಲ್ಲಿ ಎಲ್ಲರೂ ಅದನ್ನೇ ಹೇಳಿರುತ್ತಾರೆ. ಎಲ್ಲಿ ಬೇಜಾರಾಗುತ್ತದೆ ಅಂತ ಹೇಳಿದರೆ ತಕ್ಷಣ ತಿರುಗಿ ನೋಡುತ್ತಾರೆ. ಮುದ್ರಣ ಬದಲಾದರೆ ಪುಟದ ಸಂಖ್ಯೆಯೂ ಬದಲಾಗುತ್ತದೆ. ಹೊಸ ಪ್ರತಿ ಬಂದಾಗಲೆಲ್ಲ ಕೂತು ತಿದ್ದುತ್ತೇನೆ.

ಕೇಳುವ ಪ್ರಶ್ನೆಯನ್ನೂ ಬದಲಾಯಿಸಿದೆ. "ಏನು ಓದಿದ್ದೀಯ?" ಅಂತ ಕೇಳಿದರೆ ಮಕ್ಕಳು ನೆಲ ನೋಡುತ್ತಾರೆ. ಓದಿಲ್ಲ ಅಂತ ಹೇಳಲು ನಾಚಿಕೆ. ಅದಕ್ಕೆ "ನಿದ್ದೆಗೆಟ್ಟು ನೋಡಿದ್ದು ಏನು?" ಅಂತ ಕೇಳುತ್ತೇನೆ. ಸಿನಿಮಾ, ಕ್ರಿಕೆಟ್, ಮೊಬೈಲ್ ಗೇಮ್, ಹಾವು ಹಿಡಿಯುವವರ ವಿಡಿಯೊ, ಏನು ಬೇಕಾದರೂ ಇರಲಿ. ಅದರಿಂದ ದಾರಿ ಸಿಗುತ್ತದೆ.

ಹಾವಿನ ವಿಡಿಯೊ ನೋಡುವವರಿಗೆ 'ಕರ್ವಾಲೊ'. ಇದು 1980ರ ಪುಸ್ತಕ ಅಂದರೆ ಯಾರೂ ನಂಬುವುದಿಲ್ಲ. ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಓದಿ, ಊರು ಬಿಟ್ಟು, ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬರೆದವರು. ಅದರಲ್ಲಿ ಬರುವ ಮಂದಣ್ಣನಂಥ ಹುಡುಗರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಮನೆಯವರ ಲೆಕ್ಕದಲ್ಲಿ ಅಬ್ಬೇಪಾರಿ. ಆದರೆ ಜೇನು ಎಲ್ಲಿದೆ, ಯಾವ ಪ್ರಾಣಿ ಎಲ್ಲಿ ಓಡಾಡುತ್ತದೆ ಅಂತ ಅವನಿಗೆ ಗೊತ್ತು. ಅಂಥವನನ್ನು ಒಬ್ಬ ದೊಡ್ಡ ವಿಜ್ಞಾನಿ ಗೌರವದಿಂದ ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಮಾರ್ಕ್ಸ್ ಕಡಿಮೆ ಬಂದ ಮಕ್ಕಳಿಗೆ ಈ ಪುಸ್ತಕ ಕೊಡುವಾಗ ನಾನು ಹೆಚ್ಚು ಮಾತಾಡುವುದಿಲ್ಲ. ಮಂದಣ್ಣನನ್ನು ನೋಡು ಅನ್ನುತ್ತೇನೆ, ಅಷ್ಟೆ. ಅವರು ಹುಡುಕಿಕೊಂಡು ಹೋಗುವ ಹಾರುವ ಓತಿ ಕೊನೆಗೆ ಏನಾಯಿತು ಅಂತ ಮಾತ್ರ ಯಾರಿಗೂ ಮೊದಲೇ ಹೇಳಬೇಡಿ.

ಥ್ರಿಲ್ಲರ್ ಬೇಕು ಅನ್ನುವವರಿಗೆ ತೇಜಸ್ವಿಯವರದೇ 'ಜುಗಾರಿ ಕ್ರಾಸ್'. ಇದಕ್ಕೆ ನಾನು ಚೀಟಿ ಬರೆಯುವ ಅಗತ್ಯವೇ ಇಲ್ಲ. ಒಬ್ಬರಿಂದ ಒಬ್ಬರಿಗೆ ತಾನಾಗಿಯೇ ಹೋಗುತ್ತದೆ.

'ಬೆಟ್ಟದ ಜೀವ' ಕಷ್ಟದ ಪುಸ್ತಕ ಅಂದುಕೊಂಡಿದ್ದೆ. ಶಿವರಾಮ ಕಾರಂತರು ಅದನ್ನು ಬರೆದಿದ್ದು 1943ರಲ್ಲಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ, ಗೋಪಾಲಯ್ಯ ಎಂಬ ಮುದುಕರ ಮನೆ ಸೇರುತ್ತಾನೆ. ಗಂಡ ಹೆಂಡತಿ ಇಬ್ಬರೇ. ಮಗ ಮನೆ ಬಿಟ್ಟು ಹೋಗಿದ್ದಾನೆ. ಕಾಡಿನ ವರ್ಣನೆ, ತೋಟದ ಕೆಲಸ ಜಾಸ್ತಿ. ದೊಡ್ಡವರು ಇದನ್ನು ಗೋಪಾಲಯ್ಯನ ಕಥೆ ಅಂತ ಓದುತ್ತಾರೆ. ನಾನೂ ಹಾಗೇ ಓದಿದ್ದೆ. ಎರಡನೇ ಸಲ ಓದುವಾಗ ಅನಿಸಿತು, ಹದಿನೇಳರ ವಯಸ್ಸಿನವರು ಇದರಲ್ಲಿ ಹುಡುಕುವುದು ಆ ಮಗನನ್ನೇ. ಚೀಟಿಯಲ್ಲಿ ಬರೆದೆ: 'ವರ್ಣನೆ ಜಾಸ್ತಿ, ನಿಧಾನ. ಅವಸರದಲ್ಲಿ ಓದಬೇಡಿ. ಮಗ ಯಾಕೆ ಬರಲಿಲ್ಲ ಅಂತ ಯೋಚಿಸುತ್ತ ಓದಿ.' ಹಾಸ್ಟೆಲ್ಲಿನಲ್ಲಿರುವ ಹುಡುಗಿಯೊಬ್ಬಳು ತಗೊಂಡು ಹೋದಳು. ಹತ್ತು ದಿನ ಬಿಟ್ಟು ಬಂದು, ಆ ಚೀಟಿಯ ಕೆಳಗೆ ತಾನೂ ಒಂದು ಸಾಲು ಬರೆಯಬಹುದಾ ಅಂದಳು. ಅವಳು ಬರೆದಿದ್ದು: 'ಓದಿ ಮುಗಿಸಿ ಮನೆಗೆ ಫೋನ್ ಮಾಡಿದೆ.' ನಾನು ಬರೆದ ಯಾವ ಚೀಟಿಯೂ ಇಷ್ಟು ಪುಸ್ತಕ ಮಾರಿಲ್ಲ. ಅಂದಿನಿಂದ ಕೌಂಟರ್ ಮೇಲೆ ಖಾಲಿ ಚೀಟಿ, ಪೆನ್ನು ಇಟ್ಟಿರುತ್ತೇನೆ. ಓದಿದವರು ಯಾರು ಬೇಕಾದರೂ ಬರೆಯಬಹುದು.

ದೇವನೂರ ಮಹಾದೇವರ 'ಒಡಲಾಳ' ನನಗೆ ಎಲ್ಲಕ್ಕಿಂತ ಹತ್ತಿರದ್ದು. ತೆಳು ಪುಸ್ತಕ. ಒಂದೇ ಮನೆಯ ಕಥೆ. ಸಾಕವ್ವನ ಹುಂಜ ಕಳೆದುಹೋಗಿದೆ. ರಾತ್ರಿ ಮನೆಗೆ ಒಂದು ಮೂಟೆ ಕಡಲೆಕಾಯಿ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಾರೆ. ಹಸಿದ ಮನೆಯಲ್ಲಿ ಅಷ್ಟು ಸಂತೋಷ ಹೇಗೆ ಬರುತ್ತದೆ ಅಂತ ಆ ಪುಟಗಳನ್ನು ಓದಿಯೇ ತಿಳಿಯಬೇಕು. ಇದರ ಮಾತು ನಂಜನಗೂಡು ಕಡೆಯದು. ನಮ್ಮ ಮಂಡ್ಯದ ಹಳ್ಳಿಯ ಮಾತಿಗೆ ತೀರಾ ದೂರವೇನಲ್ಲ. ಪಿಯುಸಿ ಹುಡುಗನೊಬ್ಬ ಅಂಗಡಿಯಲ್ಲೇ ನಿಂತು ಒಂದು ಪುಟ ಓದಿದ. ತಲೆ ಎತ್ತಿ, "ಇದು ನಮ್ಮಜ್ಜಿ ಮಾತಾಡೋ ಥರಾನೇ ಇದೆ. ಹಿಂಗೂ ಪುಸ್ತಕ ಬರೀಬಹುದಾ?" ಅಂದ. ಅವನ ಮುಖ ಇನ್ನೂ ಕಣ್ಣ ಮುಂದಿದೆ. ಹನ್ನೆರಡು ವರ್ಷ ಕನ್ನಡ ಪಠ್ಯ ಓದಿದವನು, ಮನೆಯ ಮಾತನ್ನು ಅಚ್ಚಿನಲ್ಲಿ ನೋಡಿದ್ದು ಅದೇ ಮೊದಲು.

ಇದೇ ಪುಸ್ತಕದಿಂದ ನನಗೆ ನೋವೂ ಆಯಿತು. ಒಂದು ಶಾಲೆಯವರು ಲೈಬ್ರರಿಗೆ ಅಂತ ಇಪ್ಪತ್ತು ಪ್ರತಿ ತರಿಸಿಕೊಂಡರು. ವಾರದಲ್ಲಿ ವಾಪಸ್ ಕಳಿಸಿದರು. ಭಾಷೆ ಶುದ್ಧವಾಗಿಲ್ಲ, ಮಕ್ಕಳ ಕನ್ನಡ ಕೆಡುತ್ತದೆ ಅಂದರು. ನಾನು ಹೋಗಿ ಮಾತಾಡಿದೆ. ಒಂದು ಪುಟ ಜೋರಾಗಿ ಓದಿಯೂ ತೋರಿಸಿದೆ. ಒಪ್ಪಲಿಲ್ಲ. ಆ ಇಪ್ಪತ್ತನ್ನೂ ಮುಂದೆ ಒಂದೊಂದಾಗಿ ಮಾರಿದೆ. ತಗೊಂಡವರಲ್ಲಿ ಅದೇ ಶಾಲೆಯ ಮಕ್ಕಳೂ ಇದ್ದರು.

ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಎಂಟು, ಒಂಬತ್ತನೇ ಕ್ಲಾಸಿನವರಿಗೆ ಸರಿಯಾದದ್ದು. 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದ್ದು ಇದಕ್ಕೇ. ಡಿಸೋಜ ಅವರು ಬರೆದಿದ್ದರಲ್ಲಿ ಬಹಳಷ್ಟು, ಅಣೆಕಟ್ಟಿನಿಂದ ಊರುಗಳು ಮುಳುಗಿದ ಶರಾವತಿ ಸೀಮೆಯದು. ಆದರೆ ನಾನು ಚೀಟಿ ಶುರು ಮಾಡಿದ್ದು ನಮ್ಮ ಕನ್ನಂಬಾಡಿ ಕಟ್ಟೆಯಿಂದ. ನಮಗೆ ನಾಲೆಯ ನೀರು ಗೊತ್ತು, ಗದ್ದೆ ಗೊತ್ತು, ಬೃಂದಾವನ ಗೊತ್ತು. ಆ ಕಟ್ಟೆ ಕಟ್ಟಲು ಶುರು ಮಾಡಿದ್ದು 1911ರಲ್ಲಿ. ಹಳೇ ಕನ್ನಂಬಾಡಿ ಊರು ನೀರೊಳಗೆ ಹೋಯಿತು. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. 'ನೀವು ಕುಡಿಯುವ ನೀರಿನ ಕೆಳಗೂ ಒಂದು ಊರಿದೆ. ಈ ಪುಸ್ತಕ ಅಂಥದ್ದೇ ಇನ್ನೊಂದು ಊರಿನದು' ಅಂತ ಬರೆದೆ. ಪುಸ್ತಕ ಹೊರಗಿನದಾದರೂ ಒಳಗೆ ಹೋಗುವ ಬಾಗಿಲು ನಮ್ಮ ಊರಿನದಾಗಿರಬೇಕು.

ತ್ರಿವೇಣಿಯವರ 'ಶರಪಂಜರ'ವನ್ನು ಪಿಯುಸಿ ದಾಟಿದವರಿಗೆ ಕೊಡುತ್ತೇನೆ. ಅವರು ಹುಟ್ಟಿದ್ದು ನಮ್ಮ ಮಂಡ್ಯದಲ್ಲೇ, 1928ರಲ್ಲಿ. ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟರು. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರೂ ಊರವರೂ ಮತ್ತೆ ಹುಚ್ಚಿ ಅಂತಲೇ ನೋಡುತ್ತಾರೆ. ಈ ಪುಸ್ತಕದ ಚೀಟಿಯಲ್ಲಿ ಒಂದು ಸಾಲು ಕಡ್ಡಾಯವಾಗಿ ಹಾಕುತ್ತೇನೆ: 'ಮನಸ್ಸು ಭಾರವಾಗಿದ್ದರೆ ಈಗ ಬೇಡ. ಆಮೇಲೆ ಬನ್ನಿ, ತೆಗೆದಿಟ್ಟಿರುತ್ತೇನೆ.' ಪರೀಕ್ಷೆಯ ದಿನಗಳಲ್ಲಿ ಅದನ್ನು ಎದುರಿಗೆ ಇಡುವುದೇ ಇಲ್ಲ. ಮಾರುವವರಿಗೆ ಇಷ್ಟು ಜವಾಬ್ದಾರಿ ಇರಲೇಬೇಕು ಅಂತ ನಾನು ನಂಬಿದ್ದೇನೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನನ್ನ ಪ್ರಾಣ. ಆದರೂ ಮೊದಲ ಪುಸ್ತಕವಾಗಿ ಯಾರಿಗೂ ಕೊಡುವುದಿಲ್ಲ. ನಾಲ್ಕೈದು ಕಾದಂಬರಿ ಓದಿದವರು ಬಂದು "ದೊಡ್ಡದು ಬೇಕು" ಅಂದಾಗ ಅದನ್ನು ಕೆಳಗಿಳಿಸುತ್ತೇನೆ.

ಅಪ್ಪ ಅಮ್ಮಂದಿರ ವಿಷಯ. ಕಥೆ ಪುಸ್ತಕ ಹಿಡಿದರೆ ಮಾರ್ಕ್ಸ್ ಹೋಗುತ್ತದೆ ಅನ್ನುವ ಭಯ ಬಹಳ ಜನಕ್ಕಿದೆ. ಅವರ ಜೊತೆ ವಾದ ಮಾಡುವುದಿಲ್ಲ. ಅವರ ಕೈಗೂ ಒಂದು ಪುಸ್ತಕ ಕೊಟ್ಟು, ಮಗು ಪುಸ್ತಕ ಆರಿಸುವ ತನಕ ಕೂರಿಸುತ್ತೇನೆ. ಕೆಲವರು ಓದುತ್ತಾರೆ, ಕೆಲವರು ಫೋನ್ ನೋಡುತ್ತಾರೆ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಈ ಕಪಾಟಿನಿಂದ ಅಂಗಡಿಯ ಬಾಡಿಗೆ ಹುಟ್ಟುವುದಿಲ್ಲ. ಗೈಡುಗಳೇ ಅದನ್ನು ಕಟ್ಟುತ್ತವೆ. ಒಂದು ತೆಳು ಕಾದಂಬರಿಗೂ ಈಗ ನೂರರ ಮೇಲೆ ಬೆಲೆ ಇದೆ. ಬಸ್ಸಿನ ದುಡ್ಡು ಉಳಿಸಿ ತರುವ ಮಕ್ಕಳಿಗೆ ಅದು ದೊಡ್ಡ ಮೊತ್ತ. ಅದಕ್ಕೇ ಒಂದು ನಿಯಮ ಮಾಡಿದ್ದೇನೆ. ಚೀಟಿಯಲ್ಲಿ ಹೇಳಿದ ಪುಟ ದಾಟಿಯೂ ಹಿಡಿಸಲಿಲ್ಲ ಅಂದರೆ, ಒಂದು ವಾರದೊಳಗೆ ಕೊಳೆಯಾಗದಂತೆ ತಂದು ಬೇರೆ ಪುಸ್ತಕಕ್ಕೆ ಬದಲಾಯಿಸಿಕೊಳ್ಳಬಹುದು. ಎಲ್ಲರೂ ಓದಿ ಮುಗಿಸಿ ವಾಪಸ್ ತರುತ್ತಾರೆ ಅಂತ ಅಪ್ಪ ಹೆದರಿದ್ದರು. ಇಷ್ಟು ವರ್ಷದಲ್ಲಿ ಬಂದಿದ್ದು ಬೆರಳೆಣಿಕೆಯಷ್ಟು. ಬಂದ ಪ್ರತಿಯೊಂದರಿಂದಲೂ ನನ್ನ ಯಾವ ಚೀಟಿ ತಪ್ಪಾಗಿತ್ತು ಅಂತ ತಿಳಿಯಿತು.

ಹೊಸದಾಗಿ ಬರುವುದನ್ನೂ ಹುಡುಕುತ್ತಿರುತ್ತೇನೆ. ಬಾಲ ಸಾಹಿತ್ಯ ಪುರಸ್ಕಾರ ಬಂದ ಎರಡು ಕಾದಂಬರಿ, ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' ಮತ್ತು ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್', ಈಗ ಕಪಾಟಿನಲ್ಲಿವೆ. ಕಾಲೇಜಿನ ಮಕ್ಕಳ ಇವತ್ತಿನ ಬದುಕು, ಅಂದರೆ ಹಾಸ್ಟೆಲ್, ಮೊಬೈಲ್, ಕೋಚಿಂಗ್, ಮೊದಲ ಪ್ರೀತಿ, ಇದನ್ನು ಅವರ ಕಣ್ಣಿಂದಲೇ ಹೇಳುವ ಕಾದಂಬರಿ ಕನ್ನಡದಲ್ಲಿ ಇನ್ನೂ ಕಡಿಮೆ. ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬರೆಯಿರಿ. ಕೇಳುವ ಮಕ್ಕಳು ದಿನಾ ಸಂಜೆ ನನ್ನ ಅಂಗಡಿಯ ಮುಂದೆ ನಿಂತಿರುತ್ತಾರೆ.

ಕಳೆದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ 'ಬೆಟ್ಟದ ಜೀವ' ಓದಿ ಬಂದ. ನೇರ ಕಪಾಟಿನ ಹತ್ತಿರ ಹೋಗಿ ನನ್ನ ಚೀಟಿಯ ಮೇಲೆ ಬೆರಳಿಟ್ಟ.

"ವರ್ಣನೆ ಜಾಸ್ತಿ, ನಿಧಾನ ಅಂತ ಬರೆದಿದ್ದೀರಿ. ನನಗೆ ಹಂಗೇನೂ ಅನ್ನಿಸಲಿಲ್ಲ. ಕಾಡೇ ಚೆನ್ನಾಗಿತ್ತು. ತೆಗೀರಿ ಇದನ್ನ."

ನಾನು ತೆಗೆಯಲಿಲ್ಲ. ಪೆನ್ನು ಕೊಟ್ಟೆ. ಬಸ್ಸಿಗೆ ಇನ್ನೂ ಹತ್ತು ನಿಮಿಷ ಇತ್ತು. ಬ್ಯಾಗನ್ನು ನೆಲದ ಮೇಲಿಟ್ಟು, ಕೌಂಟರಿಗೆ ಒರಗಿ ಬರೆಯತೊಡಗಿದ.